ಮುಳ್ಳಿನ ಯೂಫೋರ್ಬಿಯಾ: ಉಪಚಾರ ಜಾಸ್ತಿಯಾದರೆ ಕೊಳೆಯುವ ಗಿಡ

ಪ್ರಶ್ನೆ: ನಾವು ಬಳ್ಳಾರಿಯಲ್ಲಿ ಇರುವವರು. ಎರಡು ವರ್ಷದ ಹಿಂದೆ ನರ್ಸರಿಯಿಂದ ಮೈತುಂಬಾ ಮುಳ್ಳಿರುವ, ದೊಡ್ಡ ಗುಲಾಬಿ ಬಣ್ಣದ ಹೂವಿನ ಗಿಡ ತಂದೆ. ಯೂಫೋರ್ಬಿಯಾ ಅಂದರು. ಶುರುವಿನಲ್ಲಿ ಚೆನ್ನಾಗಿ ಹೂ ಬಿಟ್ಟಿತು. ಈಗ ಎಲೆ ಉದುರಿ, ಬುಡ ಮೆತ್ತಗಾಗಿದೆ. ದಿನಾ ನೀರು ಹಾಕುತ್ತೇನೆ, ತಿಂಗಳಿಗೊಮ್ಮೆ ಸಗಣಿ ಗೊಬ್ಬರ ಕೊಡುತ್ತೇನೆ. ಕುಕನೂರು ಹತ್ತಿರದ ನನ್ನ ತವರಿನಲ್ಲಿ ಇದೇ ಥರದ ಸಣ್ಣ ಕೆಂಪು ಹೂವಿನ ಗಿಡ ಹಳೇ ಎಣ್ಣೆ ಡಬ್ಬಿಯಲ್ಲಿದೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ, ಆದರೂ ವರ್ಷವಿಡೀ ಹೂವು. ಯಾಕೆ ಹೀಗೆ? ಪಕ್ಕದ ಮನೆಯವರು ಇದು ಯೇಸುವಿನ ನಾಡಿನ ಗಿಡ ಅಂತಾರೆ. ನಮ್ಮ ಮಾವ ಇದು ಇಲ್ಲಿಯ ಕಳ್ಳಿ ಜಾತಿಯೇ ಅಂತಾರೆ. ಅತ್ತೆ ಮುಳ್ಳಿನ ಗಿಡ ಮನೆ ಮುಂದೆ ಬೇಡ ಅಂತಾರೆ. ಮನೆಯಲ್ಲಿ ಆರು ವರ್ಷದ ಮಗ ಇದ್ದಾನೆ. ಇದರ ಹಾಲು ವಿಷ ಅನ್ನುವುದು ನಿಜವಾ?

ಉತ್ತರ: ಮೊದಲು ಕೈಯಲ್ಲಿರುವ ನೀರಿನ ಚೊಂಬು ಕೆಳಗಿಡಿ ತಾಯಿ. ಉಳಿದ ಮಾತು ಆಮೇಲೆ.

ಬುಡ ಮೆತ್ತಗಾಗಿದೆ ಎಂದರೆ ಅದು ಕೊಳೆ ರೋಗ. ಇದಕ್ಕೆ ವಾರಗಟ್ಟಲೆ ಕಾಯುವಂತಿಲ್ಲ. ಇವತ್ತೇ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಬೇರು ಕಂದಾಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ಬರುತ್ತಿದ್ದರೆ ಆ ಬುಡದ ಆಸೆ ಬಿಡಿ. ಆದರೆ ಮೇಲಿನ ಕೊಂಬೆಗಳು ಒತ್ತಿದರೆ ಗಟ್ಟಿಯಾಗಿದ್ದರೆ ಗಿಡ ಇನ್ನೂ ಸತ್ತಿಲ್ಲ. ಆ ಕೊಂಬೆಗಳಿಂದಲೇ ಮತ್ತೆ ಗಿಡ ಮಾಡಬಹುದು. ಅದರ ರೀತಿ ಕೆಳಗೆ ಬರೆದಿದ್ದೇನೆ. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಿ, ಮಗ ಶಾಲೆಗೆ ಹೋದಾಗ ಮಾಡಿದರೆ ಇನ್ನೂ ಒಳ್ಳೆಯದು.

ನಿಮ್ಮ ತವರಿನ ಗಿಡ ಯಾಕೆ ಚೆನ್ನಾಗಿದೆ ಎಂದು ಕೇಳಿದ್ದೀರಿ. ಯಾರೂ ನೋಡುವುದಿಲ್ಲ ಎಂದು ನೀವೇ ಬರೆದಿದ್ದೀರಲ್ಲ, ಅದೇ ಕಾರಣ. ಹಳೇ ಎಣ್ಣೆ ಡಬ್ಬಿಯ ತಳ ತುಕ್ಕು ತಿಂದು ತೂತಾಗಿರುತ್ತದೆ. ಹಾಕಿದ ನೀರು ನಿಲ್ಲುವುದಿಲ್ಲ. ಅಂಗಳದ ಬಿಸಿಲು ಪೂರ್ತಿ ಬೀಳುತ್ತದೆ. ನೆನಪಾದಾಗ ಯಾರೋ ಪಾತ್ರೆ ತೊಳೆದ ನೀರು ಸುರಿಯುತ್ತಾರೆ. ಈ ಗಿಡಕ್ಕೆ ಅಷ್ಟು ಸಾಕು. ಹೇಗೆ ಸಾಕು ಎಂದು ತಿಳಿಯಬೇಕಾದರೆ ಅದರ ತವರನ್ನೂ ಸ್ವಲ್ಪ ನೋಡಬೇಕು. ನಿಮ್ಮ ಪಕ್ಕದ ಮನೆಯವರ ಮಾತಿಗೂ ಮಾವನ ಮಾತಿಗೂ ಉತ್ತರ ಅಲ್ಲೇ ಇದೆ.

ಇದರ ಪೂರ್ತಿ ಹೆಸರು ಯೂಫೋರ್ಬಿಯಾ ಮಿಲೀ. ಇಡೀ ಭೂಮಿಯ ಮೇಲೆ ಇದು ತಾನಾಗಿ ಹುಟ್ಟಿ ಬೆಳೆದ ಜಾಗ ಒಂದೇ, ಮಡಗಾಸ್ಕರ್ ದ್ವೀಪ. ಆಫ್ರಿಕಾದ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿ ಇದೆ. ನಮ್ಮ ಕರ್ನಾಟಕದ ಮೂರರಷ್ಟು ದೊಡ್ಡದು. ಬೇರೆ ಎಲ್ಲಿ ಈ ಗಿಡ ಕಂಡರೂ ಅದು ಮನುಷ್ಯರು ಒಯ್ದು ನೆಟ್ಟದ್ದು, ಇಲ್ಲವೇ ಹಾಗೆ ನೆಟ್ಟ ತೋಟದಿಂದ ಹೊರಗೆ ಹಬ್ಬಿದ್ದು. ಅಲ್ಲಿಯ ಜನ ಇದನ್ನು ಸೊಂಗೊಸೊಂಗೊ ಅಂತಾರೆ. ಕಾಡಿನಲ್ಲಿ ಇದು ಬೆಳೆಯುವುದು ಹೆಚ್ಚಾಗಿ ಬಂಡೆಗಳ ಮೇಲೆ, ಬಂಡೆ ಸೀಳಿನಲ್ಲಿ ಸೇರಿಕೊಂಡ ಹಿಡಿ ಮಣ್ಣಿನಲ್ಲಿ. ಮಳೆ ಬಂದರೆ ನೀರು ಒಂದು ಗಳಿಗೆಯಲ್ಲಿ ಹರಿದು ಹೋಗುತ್ತದೆ. ಮಳೆಗಾಲ ಮುಗಿದರೆ ತಿಂಗಳುಗಟ್ಟಲೆ ಒಣ ಹವೆ. ಕಲ್ಲು ಕಾದು ಸುಡುತ್ತದೆ. ಗಿಡ ಎಲೆ ಉದುರಿಸಿ, ದಪ್ಪ ಕಾಂಡದಲ್ಲಿ ಇಟ್ಟುಕೊಂಡ ನೀರಿನಲ್ಲೇ ಜೀವ ಹಿಡಿದಿರುತ್ತದೆ. ಮತ್ತೆ ಮಳೆ ಬಿದ್ದರೆ ಚಿಗುರುತ್ತದೆ.

ಇದನ್ನು ಓದುವಾಗ ನಿಮಗೆ ಆನೆಗೊಂದಿ ಕಡೆಯ ಬಂಡೆ ಗುಡ್ಡ ನೆನಪಾಗಲಿಲ್ವಾ? ನನಗಂತೂ ಆಗುತ್ತದೆ. ಅದು ಬರೀ ನೋಟದ ಹೋಲಿಕೆಯೂ ಅಲ್ಲ. ಸುಮಾರು 9 ಕೋಟಿ ವರ್ಷದ ಹಿಂದಿನವರೆಗೆ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಆಮೇಲೆ ಬೇರೆಯಾಗಿ ನಾವು ಉತ್ತರಕ್ಕೆ ತೇಲಿ ಬಂದೆವು. ಆ ದ್ವೀಪದ ಪೂರ್ವ ದಿಕ್ಕಿನ ಅತಿ ಹಳೆಯ ಬಂಡೆಗಳನ್ನೂ, ಬಳ್ಳಾರಿ ಕೊಪ್ಪಳ ನಿಂತಿರುವ ಧಾರವಾಡ ಶಿಲಾನೆಲವನ್ನೂ ಒಂದೇ ರೊಟ್ಟಿಯ ಎರಡು ತುಂಡು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಾಗಂತ ಗಿಡ ಆ ಕಾಲದಿಂದ ಇಲ್ಲೂ ಇತ್ತು ಅಂತಲ್ಲ. ಅದು ಅಲ್ಲೇ ಹುಟ್ಟಿದ್ದು, ಹಡಗು ಹತ್ತಿ ಹೊರಗೆ ಬಂದದ್ದು.

ಹೊರಗೆ ತಂದವರ ಹೆಸರು ಗಿಡದ ಹೆಸರಿನಲ್ಲೇ ಇದೆ. ಮಡಗಾಸ್ಕರ್ ಪಕ್ಕದಲ್ಲಿ ರೀಯೂನಿಯನ್ ಎಂಬ ಸಣ್ಣ ದ್ವೀಪವಿದೆ. ಆಗ ಅದಕ್ಕೆ ಬೂರ್ಬೋ ಎಂಬ ಹೆಸರು. ಫ್ರೆಂಚರ ಆಳ್ವಿಕೆ. ಅಲ್ಲಿ ಗವರ್ನರ್ ಆಗಿದ್ದ ಬ್ಯಾರನ್ ಮಿಲಿಯುಸ್ ಎಂಬ ನೌಕಾಧಿಕಾರಿ 1821ರಲ್ಲಿ ಈ ಗಿಡವನ್ನು ಫ್ರಾನ್ಸಿಗೆ ತಲುಪಿಸಿದರು. ಬೋರ್ದೋ ಊರಿನ ಸಸ್ಯತಜ್ಞ ಶಾರ್ಲ್ ದೆ ಮೂಲಾಂ 1826ರಲ್ಲಿ ಅದನ್ನು ವಿವರಿಸಿ, ತಂದವರ ನೆನಪಿಗೆ ಮಿಲೀ ಎಂದು ಹೆಸರಿಟ್ಟರು. ಯೂಫೋರ್ಬಿಯಾ ಅನ್ನುವ ಮೊದಲ ಹೆಸರು ಇನ್ನೂ ಹಳೆಯದು. ಉತ್ತರ ಆಫ್ರಿಕಾದಲ್ಲಿ ಎರಡು ಸಾವಿರ ವರ್ಷದ ಹಿಂದೆ ಜೂಬಾ ಎಂಬ ರಾಜನಿದ್ದ. ಅವನ ವೈದ್ಯನ ಹೆಸರು ಯೂಫೋರ್ಬಸ್. ಅವನ ಹೆಸರು ಈ ಹಾಲಿನ ಗಿಡಗಳ ಕುಲಕ್ಕೆಲ್ಲ ಅಂಟಿಕೊಂಡಿತು.

ಹಾಗಾದರೆ ಯೇಸುವಿನ ಮಾತು ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ಇದಕ್ಕೆ ಕ್ರೌನ್ ಆಫ್ ಥಾರ್ನ್ಸ್ ಅಂತಾರೆ, ಮುಳ್ಳಿನ ಕಿರೀಟ ಅಂತ ಅರ್ಥ. ಇದರ ಎಳೆ ಕೊಂಬೆ ಬಳುಕುತ್ತದೆ, ಸುತ್ತಿದರೆ ಬಳೆಯಂತೆ ಸುತ್ತಿಕೊಳ್ಳುತ್ತದೆ, ಮೈತುಂಬಾ ಮುಳ್ಳು, ಕೆಂಪು ಹೂ ರಕ್ತದ ಹನಿಯಂತೆ. ನೋಡಿದವರಿಗೆ ಯೇಸುವಿನ ತಲೆಗೆ ಇಟ್ಟ ಮುಳ್ಳಿನ ಕಿರೀಟ ನೆನಪಾಗುವುದು ಸಹಜ. ಆದರೆ ಹೆಸರು ಹೋಲಿಕೆಯಿಂದ ಬಂದದ್ದು, ಊರಿನಿಂದ ಬಂದದ್ದಲ್ಲ. ಪ್ಯಾಲೆಸ್ತೀನ್ ಕಡೆ ಆ ಕಿರೀಟದ ಗಿಡ ಎಂದು ಸಂಪ್ರದಾಯದಲ್ಲಿ ಬಹಳ ಜನ ತೋರಿಸುವುದು ಬೇರೆಯೇ ಒಂದನ್ನು. ಅದು ನಮ್ಮ ಬಾರಿ ಹಣ್ಣಿನ ಗಿಡದ ದಾಯಾದಿ, ಅದರ ಸಸ್ಯಶಾಸ್ತ್ರದ ಹೆಸರಿನಲ್ಲೇ ಕ್ರಿಸ್ತನ ಮುಳ್ಳು ಅನ್ನುವ ಮಾತಿದೆ. ನಿಮ್ಮ ಪಕ್ಕದ ಮನೆಯವರಿಗೆ ಇದನ್ನು ಹೇಳಿ, ಆದರೆ ವಾದಕ್ಕೆ ಇಳಿಯಬೇಡಿ. ಹೆಸರು ನಂಬಿ ಊರು ಹೇಳುವ ತಪ್ಪು ನಮ್ಮಲ್ಲೂ ಇದೆ. ರಸ್ತೆ ಬದಿ, ಕೆರೆ ಅಂಗಳ, ಬೀಳು ಹೊಲ ಎಲ್ಲ ಕಡೆ ಹಬ್ಬಿರುವ ಬಳ್ಳಾರಿ ಜಾಲಿಯನ್ನು ನೋಡಿ. ರಾಜ್ಯದ ಜನರೆಲ್ಲ ನಮ್ಮ ಊರಿನ ಹೆಸರು ಅದಕ್ಕೆ ಕಟ್ಟಿದ್ದಾರೆ. ಅದು ಬಂದದ್ದು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯಿಂದ. ಬಳ್ಳಾರಿಯ ಪಾಲಿಗೆ ಬಂದದ್ದು ಬರೀ ಅಪವಾದ.

ನಿಮ್ಮ ಮಾವನ ಮಾತು ಅರ್ಧ ಸರಿ. ಇಲ್ಲಿಯ ಗಿಡ ಅಲ್ಲ, ಆದರೆ ಕಳ್ಳಿಯ ಬಳಗವಂತೂ ಹೌದು. ನಮ್ಮ ಹೊಲದ ಬೇಲಿಯ ಚದುರಗಳ್ಳಿಯೂ ಯೂಫೋರ್ಬಿಯಾ ಕುಲದ್ದೇ. ಗೀರಿದರೆ ಬಿಳಿ ಹಾಲು ಬರುತ್ತದೆ ಅಲ್ವಾ, ಅದು ಈ ಕುಲದ ಗುರುತು. ಪಾಪಾಸುಕಳ್ಳಿ ಬೇರೆ. ಅದು ಅಮೆರಿಕದ ಕ್ಯಾಕ್ಟಸ್, ಮುರಿದರೆ ಲೋಳೆ ಬರುತ್ತದೆ, ಹಾಲಲ್ಲ. ಎರಡೂ ಕಡೆಯ ಗಿಡಗಳು ಒಣ ನೆಲದ ಕಷ್ಟಕ್ಕೆ ಒಂದೇ ಉಪಾಯ ಹುಡುಕಿಕೊಂಡವು, ಅದಕ್ಕೆ ನೋಡಲು ಒಂದೇ ಥರ. ಇನ್ನೂ ದೂರದ ನೆಂಟರನ್ನು ಹುಡುಕಿದರೆ ನಮ್ಮ ಔಡಲ, ರಬ್ಬರ್, ಮರಗೆಣಸು ಎಲ್ಲ ಇದೇ ಕುಟುಂಬ.

ಮಡಗಾಸ್ಕರ್ ಅಂದರೆ ದೂರದ ಮಾತು ಅನ್ನಿಸಬಹುದು. ಆದರೆ ನಿಮ್ಮ ಓಣಿಯಲ್ಲೇ ಒಂದು ಸುತ್ತು ಹಾಕಿ ನೋಡಿ. ಏಪ್ರಿಲ್ ಮೇ ತಿಂಗಳಲ್ಲಿ ಬೆಂಕಿಯಂತೆ ಅರಳುವ ಗುಲ್‌ಮೊಹರ್ ಮಡಗಾಸ್ಕರ್‌ನದು. ಕಾಂಪೌಂಡ್ ಪಕ್ಕ ತಾನೇ ಹುಟ್ಟುವ ನಿತ್ಯಪುಷ್ಪ ಮಡಗಾಸ್ಕರ್‌ನದು. ರಕ್ತದ ಕ್ಯಾನ್ಸರಿಗೆ ಕೊಡುವ ಒಂದು ಮುಖ್ಯ ಔಷಧ ಸಿಕ್ಕಿದ್ದು ಅದರ ಎಲೆಯಿಂದಲೇ. ಎಲೆ ಅಂಚಿನಲ್ಲೇ ಮರಿ ಗಿಡ ಹುಟ್ಟಿಸುವ ಕಾಡುಬಸಳೆಯೂ ಅಲ್ಲಿಯದೇ. ನಮ್ಮ ಬಿಸಿಲಿಗೆ ಈ ಮೂರೂ ಒಗ್ಗಿಕೊಂಡಿವೆ. ಇನ್ನು ಯೂಫೋರ್ಬಿಯಾ ಒಂದೇ ನಿಮ್ಮ ಮನೆಯಲ್ಲಿ ಯಾಕೆ ಸೊರಗಿತು?

ನೀವು ತಂದ ಗಿಡ ಕಾಡಿನ ಮಿಲೀ ಅಲ್ಲ. ನಿಮ್ಮ ತವರಿನ ಸಣ್ಣ ಕೆಂಪು ಹೂವಿನದು ಹೆಚ್ಚು ಕಡಿಮೆ ಮೂಲ ರೂಪ. ದೊಡ್ಡ ಗುಲಾಬಿ ಹೂವಿನದು ಮಿಶ್ರ ತಳಿ. ಮಿಲೀಯನ್ನು ಮಡಗಾಸ್ಕರ್‌ನದೇ ಇನ್ನೊಂದು ಯೂಫೋರ್ಬಿಯಾದ ಜೊತೆ ಸಂಕರ ಮಾಡಿ ದಪ್ಪ ಕಾಂಡ, ಅಗಲ ಎಲೆ, ದೊಡ್ಡ ಹೂವಿನ ತಳಿಗಳನ್ನು ಬೆಳೆಸಿದ್ದಾರೆ. ಇದರಲ್ಲಿ ಥಾಯ್ಲೆಂಡಿನವರದು ಎತ್ತಿದ ಕೈ. ಅಲ್ಲಿ ಇದಕ್ಕೆ ಪೋಯ್ ಸಿಯನ್ ಅನ್ನುವ ಹೆಸರು. ಚೀನೀ ಪುರಾಣದ ಎಂಟು ಅಮರರ ಹೆಸರಿನಿಂದ ಬಂದದ್ದು. ಒಂದು ಗೊಂಚಲಿನಲ್ಲಿ ಎಂಟು ಹೂ ಬಂದರೆ ಮನೆಗೆ ಒಳ್ಳೆಯದಾಗುತ್ತದೆ ಎಂದು ನಂಬುತ್ತಾರೆ, ಕುಂಡವನ್ನು ಬಾಗಿಲ ಮುಂದೆಯೇ ಇಡುತ್ತಾರೆ. ನಿಮ್ಮ ಅತ್ತೆಗೆ ಇದನ್ನು ಹೇಳುವಾಗ ಸ್ವಲ್ಪ ಹುಷಾರು.

ಈ ದೊಡ್ಡ ತಳಿಗಳು ನೋಡಲು ಚೆಂದ, ಆದರೆ ಹಳೆಯದರಷ್ಟು ಗಟ್ಟಿ ಅಲ್ಲ. ಕಾಂಡ ದಪ್ಪ, ನೀರು ಜಾಸ್ತಿ, ಕೊಳೆ ಬೇಗ. ನನ್ನ ಕೇಳಿದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಸಣ್ಣ ಹೂವಿನ ಹಳೆಯದೇ ಸರಿ. ಆದರೆ ನರ್ಸರಿಯಲ್ಲಿ ದೊಡ್ಡ ಹೂವಿನ ಮುಂದೆ ನಿಂತವರಿಗೆ ಈ ಮಾತು ಕೇಳಿಸುವುದಿಲ್ಲ. ನನಗೂ ಕೇಳಿಸಿರಲಿಲ್ಲ. ಒಮ್ಮೆ ಒಂದೇ ಸಲ ಆರು ಬಣ್ಣದ ಗಿಡ ತಂದು, ತಂದ ಮಣ್ಣಿನ ಸಮೇತ ಕುಂಡಕ್ಕೆ ಇಟ್ಟೆ. ಆ ಮಳೆಗಾಲ ದಾಟಿ ಉಳಿದದ್ದು ಒಂದೇ.

ತಪ್ಪು ಇದ್ದದ್ದು ಆ ಮಣ್ಣಿನಲ್ಲಿ. ನಮ್ಮ ನರ್ಸರಿಗಳಿಗೆ ಬರುವ ಎಷ್ಟೋ ಗಿಡ ಗೋದಾವರಿ ದಡದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ದಾರಿಯಲ್ಲಿ ಬೇರು ಒಣಗದಿರಲಿ ಎಂದು ಅಂಟು ಮಣ್ಣಿನ ಉಂಡೆ ಕಟ್ಟಿರುತ್ತಾರೆ, ಇಲ್ಲವೇ ಕೋಕೋಪೀಟ್ ತುಂಬಿರುತ್ತಾರೆ. ಸಾಗಿಸುವವರಿಗೆ ಅದು ಅನುಕೂಲ. ಮನೆಗೆ ತಂದ ಮೇಲೆ ಅದೇ ಯಮ. ಉಂಡೆಯ ಹೊರಗೆ ಮಣ್ಣು ಒಣಗಿ ಕಾಣುತ್ತದೆ, ಒಳಗೆ ಬೇರಿನ ಸುತ್ತ ಹಸಿ ಹಾಗೇ ಇರುತ್ತದೆ. ನೀವು ಮೇಲಿನ ಒಣ ಮಣ್ಣು ನೋಡಿ ಮತ್ತೆ ಒಂದು ಚೊಂಬು ಹಾಕುತ್ತೀರಿ. ಬೇರಿಗೆ ಗಾಳಿಯೇ ಇಲ್ಲ. ಗಾಳಿ ಇಲ್ಲದ ಬೇರು ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ, ಅದು ಕಾಂಡಕ್ಕೆ ಏರುತ್ತದೆ. ಬೇರು ಸತ್ತ ಗಿಡಕ್ಕೆ ನೀರು ಎಳೆಯಲು ಆಗದೆ ಎಲೆ ಉದುರುತ್ತದೆ. ಎಲೆ ಉದುರಿದ್ದು ನೋಡಿ ನೀರು ಕಡಿಮೆಯಾಯಿತು ಎಂದು ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಹೀಗೇ ಸಾಯುತ್ತವೆ ಹೆಚ್ಚಿನ ಯೂಫೋರ್ಬಿಯಾಗಳು.

ಮನೆ ಹಿತ್ತಿಲಿನ ಎರೆಮಣ್ಣು ಹಾಕಿದ್ದರೆ ಇನ್ನೂ ಕೆಟ್ಟದ್ದು. ಜೋಳ, ಕಡಲೆ, ಹತ್ತಿಗೆ ಎರೆ ಹೊಲದಂಥ ಹೊಲ ಇಲ್ಲ, ಯಾಕೆಂದರೆ ಅದು ನೀರು ಹಿಡಿದಿಡುತ್ತದೆ. ಬಂಡೆ ಮೇಲಿನ ಗಿಡಕ್ಕೆ ಅದೇ ಗುಣ ಶಾಪ. ಕುಂಡದಲ್ಲಂತೂ ಅದು ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ, ನೆನೆದರೆ ಅಂಬಲಿಯಾಗುತ್ತದೆ.

ನಾನು ಬಳಸುವ ಮಿಶ್ರಣ ಹೀಗಿದೆ. ಎರಡು ಪಾಲು ಕೆಂಪು ಮಸಾರಿ ಮಣ್ಣು, ಎರಡು ಪಾಲು ದಪ್ಪ ಮರಳು ಇಲ್ಲವೇ ಜರಡಿ ಹಿಡಿದ ಗರಸು, ಒಂದು ಪಾಲು ಕಪ್ಪಗೆ ಸುಟ್ಟ ಭತ್ತದ ಹೊಟ್ಟು, ಅರ್ಧ ಪಾಲು ಚೆನ್ನಾಗಿ ಕಳಿತ ಗೊಬ್ಬರ. ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ಅಕ್ಕಿ ಗಿರಣಿಗಳು ಇರುವುದರಿಂದ ಸುಟ್ಟ ಹೊಟ್ಟು ನಮಗೆ ಸುಲಭ. ಅದು ಮಣ್ಣನ್ನು ಹಗುರ ಮಾಡುತ್ತದೆ, ಗಾಳಿ ಆಡಿಸುತ್ತದೆ. ಪೂರ್ತಿ ಬೂದಿಯಾದದ್ದು ಬೇಡ, ಕಾಳಿನ ಆಕಾರ ಉಳಿದಿರುವ ಕಪ್ಪು ಹೊಟ್ಟು ಬೇಕು. ಮರಳು ಕಟ್ಟಡಕ್ಕೆ ತಂದ ನುಣುಪು ಮರಳಾಗಿದ್ದರೆ ಜರಡಿ ಹಿಡಿದು ಮೇಲೆ ಉಳಿದದ್ದನ್ನು ಬಳಸಿ. ಈ ಲೆಕ್ಕವನ್ನು ತೂಕ ಮಾಡಿ ಕೂರಬೇಕಾಗಿಲ್ಲ. ಪರೀಕ್ಷೆ ಒಂದೇ. ಕುಂಡ ತುಂಬಿಸಿ ಒಂದು ಚೊಂಬು ನೀರು ಹಾಕಿ, ಅರ್ಧ ನಿಮಿಷದೊಳಗೆ ತಳದಿಂದ ನೀರು ಬಂದರೆ ಸರಿ. ಮೇಲೆಯೇ ನಿಂತರೆ ಇನ್ನಷ್ಟು ಗರಸು ಸೇರಿಸಿ.

ಕುಂಡ ಮಣ್ಣಿನದೇ ಇರಲಿ, ಸಣ್ಣದಿರಲಿ. ಗಿಡ ದೊಡ್ಡದಾಗಲಿ ಎಂದು ಮೊದಲೇ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಜಾಗದಲ್ಲಿ ಹಸಿ ನಿಲ್ಲುತ್ತದೆ. ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆಯಿರಿ.

ನೀರಿನ ವಿಚಾರಕ್ಕೆ ಬರೋಣ. ದಿನಾ ಅನ್ನುವ ಪದವನ್ನೇ ಮರೆತುಬಿಡಿ. ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡಿ. ತಣ್ಣಗೆ ಹಸಿ ತಾಗಿದರೆ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಸಣ್ಣ ಮಣ್ಣಿನ ಕುಂಡಕ್ಕೆ ಆಗ ವಾರಕ್ಕೆ ಎರಡು ಸಲ ಬೇಕಾಗಬಹುದು. ಚಳಿಗಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಮಳೆಯೇ ಜಾಸ್ತಿ. ನಮ್ಮದು ಕಡಿಮೆ ಮಳೆಯ ಸೀಮೆ ನಿಜ, ಆದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮೂರು ನಾಲ್ಕು ದಿನ ಬಿಡದೆ ಸುರಿಯುವುದುಂಟು. ಆಗ ಕುಂಡಗಳನ್ನು ಸಜ್ಜೆ ಕೆಳಗೆ ಸರಿಸಿ. ಹಾಕುವಾಗ ಮಾತ್ರ ಗುಟುಕು ಗುಟುಕಾಗಿ ಹಾಕಬೇಡಿ. ತಳದಿಂದ ಹರಿದು ಬರುವಷ್ಟು ಹಾಕಿ, ಆಮೇಲೆ ಪೂರ್ತಿ ಒಣಗಲು ಬಿಡಿ. ಬಂಡೆ ಮೇಲೆ ಮಳೆ ಬೀಳುವ ರೀತಿ ಅದು.

ಬೋರ್‌ವೆಲ್ ನೀರು ಹಾಕುತ್ತಿದ್ದರೆ ಇನ್ನೊಂದು ತೊಂದರೆ. ನಮ್ಮ ಕಡೆ ಬಹಳ ಬೋರ್‌ಗಳ ನೀರು ಉಪ್ಪು. ಕುಂಡದ ಹೊರಮೈ ಮೇಲೆ ಬಿಳಿ ಪಟ್ಟೆ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಆ ಉಪ್ಪು ಮಣ್ಣಿನಲ್ಲೂ ಇದೆ, ಎಲೆ ಅಂಚು ಸುಟ್ಟಂತೆ ಆಗುತ್ತದೆ. ತಿಂಗಳಿಗೊಮ್ಮೆ ನಲ್ಲಿ ನೀರನ್ನೋ, ಹಿಡಿದಿಟ್ಟ ಮಳೆ ನೀರನ್ನೋ ಧಾರಾಳವಾಗಿ ಹಾಕಿ ಉಪ್ಪು ತೊಳೆದು ಹೋಗಲು ಬಿಡಿ. ಸಂಡೂರು ದಾರಿಯಂತೆ ಅದಿರಿನ ಕೆಂಪು ಧೂಳು ಏಳುವ ಜಾಗದಲ್ಲಿ ಮನೆ ಇದ್ದರೆ ವಾರಕ್ಕೊಮ್ಮೆ ಬೆಳಿಗ್ಗೆ ಎಲೆ ತೊಳೆಯಿರಿ.

ಗೊಬ್ಬರ ತಿಂಗಳಿಗೊಮ್ಮೆ ಬೇಡವೇ ಬೇಡ. ಹಸಿ ಸಗಣಿ ಅಂತೂ ಕೊಳೆಗೆ ಕರೆದು ಊಟ ಹಾಕಿದಂತೆ. ಸಾರಜನಕ ಜಾಸ್ತಿಯಾದರೆ ಎಲೆ ದೊಡ್ಡದಾಗುತ್ತದೆ, ಕಾಂಡ ಮೆತ್ತಗಾಗುತ್ತದೆ, ಹೂ ಕಾಣೆಯಾಗುತ್ತದೆ. ಜೂನಿನಲ್ಲಿ ಒಂದು ಹಿಡಿ, ನವೆಂಬರಿನಲ್ಲಿ ಒಂದು ಹಿಡಿ ಎರೆಹುಳು ಗೊಬ್ಬರ ಕೊಟ್ಟರೆ ಮುಗಿಯಿತು.

ಬಿಸಿಲು ಐದಾರು ತಾಸು ಬೇಕು. ನೆರಳಿನಲ್ಲಿ ಇಟ್ಟರೆ ಬದುಕುತ್ತದೆ, ಹೂ ಬಿಡುವುದಿಲ್ಲ. ಮಾಳಿಗೆ ಮೇಲೆ ಮೇ ಬಿಸಿಲಿಗೆ ಇಟ್ಟರೂ ಗಿಡಕ್ಕೆ ಏನೂ ಆಗುವುದಿಲ್ಲ, ಆದರೆ ಕರಿ ಪ್ಲಾಸ್ಟಿಕ್ ಕುಂಡ ಕಾದು ಒಳಗಿನ ಬೇರು ಬೇಯುತ್ತದೆ. ಕುಂಡಕ್ಕೆ ಒಂದು ಇಟ್ಟಿಗೆ ಸಾಲು ಅಡ್ಡ ಇಡಿ, ತಲೆಗೆ ಬಿಸಿಲು ಬೀಳಲಿ. ಬೇಸಗೆಯಲ್ಲಿ ಕೆಳಗಿನ ಎಲೆ ಉದುರಿದರೆ ಗಾಬರಿಯಾಗಬೇಡಿ. ಕಾಂಡ ಗಟ್ಟಿ ಇದ್ದು ಎಲೆ ಉದುರಿದರೆ ಅದು ಗಿಡದ ಉಪಾಯ. ಕಾಂಡ ಮೆತ್ತಗಾಗಿ ಎಲೆ ಉದುರಿದರೆ ಅದು ರೋಗ. ಇದೊಂದು ವ್ಯತ್ಯಾಸ ನೆನಪಿಟ್ಟರೆ ಅರ್ಧ ಗಿಡಗಳು ಉಳಿಯುತ್ತವೆ. ಎಲೆ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಸೋಪಿನ ನೀರಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಹೂವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು ಹೇಳದೆ ಇರಲಾರೆ. ನೀವು ಹೂ ಅಂತ ನೋಡುತ್ತಿರುವ ಆ ಎರಡು ಗುಲಾಬಿ ಬಣ್ಣದ ದಳಗಳು ದಳಗಳೇ ಅಲ್ಲ, ಬಣ್ಣ ಬಂದ ಎಲೆಗಳು. ನಿಜವಾದ ಹೂಗಳು ನಡುವೆ ಇರುವ ಸಣ್ಣ ಬಟ್ಟಲಿನಲ್ಲಿವೆ. ಒಂದೇ ಬಟ್ಟಲಿನಲ್ಲಿ ಒಂದು ಹೆಣ್ಣು ಹೂ, ಸುತ್ತ ಕೆಲವು ಗಂಡು ಹೂ. ಒಂದೊಂದು ಗಂಡು ಹೂವೂ ಬರೀ ಒಂದು ಕೇಸರ, ಅಷ್ಟೇ. ಮಗನ ಕೈಗೆ ಭೂತಗನ್ನಡಿ ಕೊಟ್ಟು ತೋರಿಸಿ, ಮುಟ್ಟಲು ಬಿಡಬೇಡಿ. ಅದು ಎಲೆಯಾದ್ದರಿಂದಲೇ ಮಲ್ಲಿಗೆಯಂತೆ ಒಂದು ದಿನಕ್ಕೆ ಬಾಡದೆ ವಾರಗಟ್ಟಲೆ ಬಣ್ಣ ಉಳಿಸಿಕೊಳ್ಳುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಮಾರುವ ಕೆಂಪೆಲೆಯ ಪಾಯಿನ್‌ಸೆಟಿಯಾ ಇದರ ನೆಂಟ, ಅದರಲ್ಲೂ ಇದೇ ಕತೆ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಉದ್ದಕ್ಕೆ ಬೆಳೆದ ಕೊಂಬೆಯ ತುದಿ ಕತ್ತರಿಸಿದರೆ ಹೊಸ ಕವಲು ಒಡೆದು ಹೂ ಜಾಸ್ತಿಯಾಗುತ್ತದೆ.

ಈಗ ನಿಮ್ಮ ಗಿಡ ಉಳಿಸುವ ಕೆಲಸ. ಗಟ್ಟಿ ಇರುವ ಕೊಂಬೆಯನ್ನು ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ ಉದ್ದ ಇರುವಂತೆ ಕತ್ತರಿಸಿ. ಕತ್ತರಿಸಿದ ಜಾಗ ಒಳಗೆ ಬಿಳಿ ಹಸಿರು ಇರಬೇಕು. ಕಂದು ಚುಕ್ಕೆ ಕಂಡರೆ ಕೊಳೆ ಅಲ್ಲಿಗೂ ಏರಿದೆ, ಇನ್ನೂ ಮೇಲೆ ಕತ್ತರಿಸಿ. ಹಾಲು ಸುರಿಯುತ್ತದೆ. ತುದಿಯನ್ನು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ನಿಲ್ಲುತ್ತದೆ. ಆಮೇಲೆ ಪೇಪರಿನ ಮೇಲೆ ನೆರಳಿನಲ್ಲಿ ಐದಾರು ದಿನ ಸುಮ್ನೆ ಬಿಡಿ. ಗಾಯ ಒಣಗಿ ಚಕ್ಕೆ ಕಟ್ಟಬೇಕು. ಹಸಿ ಗಾಯದ ಸಮೇತ ನೆಟ್ಟರೆ ಮತ್ತೆ ಅದೇ ಕೊಳೆ. ಒಣಗಿದ ಮೇಲೆ ಮರಳು ಮತ್ತು ಸುಟ್ಟ ಹೊಟ್ಟು ತುಂಬಿದ ಸಣ್ಣ ಕುಂಡದಲ್ಲಿ ಎರಡು ಬೆರಳು ಆಳಕ್ಕೆ ನಿಲ್ಲಿಸಿ. ಮೊದಲ ವಾರ ನೀರೇ ಬೇಡ, ಆಮೇಲೆ ಸ್ವಲ್ಪ ಚಿಮುಕಿಸಿ. ಬೆಚ್ಚಗಿನ ದಿನಗಳಾದರೆ ಒಂದೂವರೆ ತಿಂಗಳಿಗೆ ಬೇರು ಬಿಡುತ್ತದೆ. ಎಳೆದು ಎಳೆದು ನೋಡಬೇಡಿ. ಹೊಸ ಎಲೆ ಬಂದು ನಿಂತರೆ ಬೇರು ಬಂದಿದೆ ಅಂತ ಅರ್ಥ. ಒಂದೇ ಕೊಂಬೆ ನಂಬಿ ಕೂರಬೇಡಿ, ಐದಾರು ನೆಡಿ.

ಹಾಲಿನ ವಿಷಯವನ್ನು ನಾನು ಹಗುರವಾಗಿ ಹೇಳುವುದಿಲ್ಲ. ಹೌದು, ವಿಷ. ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ, ಕೆಂಪು, ಗುಳ್ಳೆ. ಬಾಯಿಗೆ ಹೋದರೆ ಬಾಯಿ ಗಂಟಲು ಉರಿ, ವಾಂತಿ. ನಾಯಿ ಬೆಕ್ಕಿಗೂ ಹಾಗೇ. ಕಣ್ಣಿಗೆ ಬಿದ್ದರೆ ಎಲ್ಲಕ್ಕಿಂತ ಕೆಟ್ಟದ್ದು. ಬ್ರೆಜಿಲ್‌ನ ಸಂಶೋಧಕರು ರೋಗ ಹರಡುವ ನೀರಿನ ಬಸವನಹುಳುಗಳನ್ನು ಕೊಲ್ಲಲು ಈ ಹಾಲನ್ನೇ ಪರೀಕ್ಷೆ ಮಾಡಿದ್ದಾರೆ. ನೀರಿನಲ್ಲಿ ತೀರಾ ಸ್ವಲ್ಪ ಬೆರೆತರೂ ಹುಳು ಸಾಯುತ್ತದೆ. ಹಾಲು ಹತ್ತಿದ ಚಾಕುವನ್ನು ಮೀನಿನ ತೊಟ್ಟಿ ಹತ್ತಿರವೂ ಒಯ್ಯಬೇಡಿ.

ನನ್ನದೇ ಅನುಭವ ಹೇಳುತ್ತೇನೆ. ಕೊಂಬೆ ಕತ್ತರಿಸುತ್ತಿದ್ದಾಗ ಬೆವರು ಇಳಿಯಿತು, ಅಂಗೈ ಹಿಂಭಾಗದಿಂದ ಕಣ್ಣು ಒರೆಸಿಕೊಂಡೆ. ಆ ಗಳಿಗೆಯಲ್ಲಿ ಸ್ವಲ್ಪ ಚುರುಚುರು ಅಂದಿತು ಅಷ್ಟೇ. ಮುಖ ತೊಳೆದು ಸುಮ್ಮನಾದೆ. ರಾತ್ರಿ ಹತ್ತರ ಹೊತ್ತಿಗೆ ಕಣ್ಣು ಬಿಡಲು ಆಗಲಿಲ್ಲ, ದೀಪ ನೋಡಿದರೆ ಸೂಜಿ ಚುಚ್ಚಿದಂತೆ. ಈ ಹಾಲಿನ ಮೋಸವೇ ಅದು. ಶುರುವಿನಲ್ಲಿ ಸಣ್ಣದಾಗಿ ಕಂಡು ಕೆಲವು ತಾಸಿನ ಮೇಲೆ ಏರುತ್ತದೆ. ಮರುದಿನ ಕಣ್ಣಿನ ಡಾಕ್ಟರು ಚೆನ್ನಾಗಿ ಬೈದು ಔಷಧ ಕೊಟ್ಟರು. ಪೂರ್ತಿ ಸರಿಯಾಗಲು ಒಂದು ವಾರ ಹಿಡಿಯಿತು.

ಆದ್ದರಿಂದ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಹರಿಯುವ ನಲ್ಲಿ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿ. ಆಮೇಲೆ ನೋವು ಇಲ್ಲದಿದ್ದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಯಾವ ಗಿಡದ ಹಾಲು ಎಂದು ಹೇಳಿ. ಎದೆಹಾಲು, ಜೇನು, ಔಡಲೆಣ್ಣೆ ಕಣ್ಣಿಗೆ ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದೆ, ದಯವಿಟ್ಟು ಅದು ಬೇಡ. ಕಳ್ಳಿ ಹಾಲು ಹಚ್ಚಿದರೆ ನರಹುಲಿ ಉದುರುತ್ತದೆ ಎಂದು ಈ ಹಾಲನ್ನೂ ಹಚ್ಚುವವರಿದ್ದಾರೆ. ಅದೂ ಬೇಡ. ಕೈಗೆ ಹತ್ತಿದರೆ ಬರೀ ನೀರಿಗೆ ಹೋಗುವುದಿಲ್ಲ, ಸೋಪು ಹಚ್ಚಿ ಎರಡು ಮೂರು ಸಲ ತೊಳೆಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಗಿಡವನ್ನೇ ಎಸೆಯಬೇಕಾ? ಬೇಡ. ಹಾಲು ತಾನಾಗಿ ಹಾರಿ ಬರುವುದಿಲ್ಲ, ಗಾಯವಾದರೆ ಮಾತ್ರ ಬರುತ್ತದೆ. ನಿಮ್ಮ ಅತ್ತೆಯ ಮಾತಿಗೆ ವಾಸ್ತು ಲೆಕ್ಕ ನಾನು ಹೇಳಲಾರೆ, ಅದು ನನ್ನ ವಿದ್ಯೆ ಅಲ್ಲ. ಆದರೆ ಮನೆ ಬಾಗಿಲ ಪಕ್ಕ, ಮಕ್ಕಳು ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಇಂಚು ಉದ್ದದ ಮುಳ್ಳಿನ ಗಿಡ ಬೇಡ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆರು ವರ್ಷದ ಹುಡುಗನ ಕಣ್ಣು ಕುಂಡದ ಗಿಡದ ಎತ್ತರಕ್ಕೇ ಇರುತ್ತದೆ. ಕಾಂಪೌಂಡ್ ಗೋಡೆಯ ಮೇಲೆ, ಚೆಂಡು ಹೋಗಿ ಬೀಳದ ಮೂಲೆಯಲ್ಲಿ ಇಡಿ. ಅಲ್ಲಿ ಬಿಸಿಲೂ ಚೆನ್ನಾಗಿ ಸಿಗುತ್ತದೆ. ಅತ್ತೆಯ ಮಾತೂ ನಡೆದಂತಾಗುತ್ತದೆ.

ಮುಂದಿನ ಸಲ ಕುಕನೂರಿಗೆ ಹೋದಾಗ ಅಮ್ಮನ ಗಿಡದಿಂದಲೂ ಎರಡು ಕೊಂಬೆ ತನ್ನಿ. ಬಸ್ಸಿನಲ್ಲಿ ಪೇಪರಿನಲ್ಲಿ ಸುತ್ತಿ ತಂದರೆ ಸಾಕು, ಎರಡು ದಿನ ಹಾಗೇ ಇದ್ದರೂ ಏನೂ ಆಗದು, ಗಾಯ ಒಣಗಿದರೆ ಒಳ್ಳೆಯದೇ. ನಿಮ್ಮ ದೊಡ್ಡ ಹೂವಿನದು ಉಳಿಯದಿದ್ದರೂ ಇದು ಉಳಿಯುತ್ತದೆ. ಇನ್ನೊಂದು ಮಾತು. ಆ ತುಕ್ಕು ಹಿಡಿದ ಡಬ್ಬಿ ನೋಡಲು ಚೆನ್ನಾಗಿಲ್ಲ ಎಂದು ಅಮ್ಮನಿಗೆ ಹೊಸ ಪಿಂಗಾಣಿ ಕುಂಡ ಕೊಡಿಸಲು ಹೋಗಬೇಡಿ. ತಳ ಪೂರ್ತಿ ಕಳಚಿ ಬಿದ್ದರೆ ಇನ್ನೊಂದು ಡಬ್ಬಿ ಹುಡುಕಿ, ಮೊಳೆಯಿಂದ ಐದಾರು ತೂತು ಹೊಡೆದುಕೊಡಿ.